ಮುದ್ರೆ ನನ್ನದು, ಮಾತು ಯಾರದು?

ಪದವಿ ಓದುವಾಗ ನಾನೊಂದು ಕಥೆ ಬರೆದಿದ್ದೆ. ಅದು ನಮ್ಮ ಆಯಿಯ ಕಥೆ. ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಎಕಂಬಾ ನನ್ನೂರು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. 1972ರ ಬರದಲ್ಲಿ ಆಕೆ ಸರಕಾರದ ಕಾಮಗಾರಿಗೆ ಹೋಗಿ ಸಡಕಿನ ಬದಿಯಲ್ಲಿ ಕೂತು ಖಡಿ ಒಡೆದದ್ದು, ಮನೆಯಲ್ಲಿದ್ದ ಒಂದೇ ಎಮ್ಮೆಯನ್ನು ಮಾರಿದ್ದು, ಆ ರೊಕ್ಕದಲ್ಲಿ ವರ್ಷ ದೂಡಿದ್ದು ಇವೇ ಕಥೆಯ ಸರಕು. ಕಾಲೇಜಿನ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಮಾಡುವುದೆಂದಾಯಿತು. ಅಚ್ಚಿಗೆ ಹೋಗುವ ಮೊದಲು ನನ್ನ ಹಾಳೆಗಳು ಕೆಂಪು ಶಾಯಿಯ ಗುರುತುಗಳೊಂದಿಗೆ ಮರಳಿ ಬಂದವು. ‘ಸಡಕ್’ ಇದ್ದಲ್ಲಿ ‘ರಸ್ತೆ’ ಆಗಿತ್ತು. ‘ಹೈರಾಣ ಆದೆವು’ ಇದ್ದಲ್ಲಿ ‘ತುಂಬಾ ಬಳಲಿದೆವು’ ಆಗಿತ್ತು. ಆಯಿ 1972 ಅನ್ನುವುದಿಲ್ಲ, ‘ನಾವು ಖಡಿ ಒಡದ ವರ್ಷ’ ಅನ್ನುತ್ತಾಳೆ. ಅದು ‘ಆ ಭೀಕರ ಬರಗಾಲದ ದಿನಗಳು’ ಆಗಿತ್ತು. ಅಂಚಿನಲ್ಲಿ ಒಂದು ಟಿಪ್ಪಣಿ: ಇವು ಕನ್ನಡ ಶಬ್ದಗಳಲ್ಲ.

ತಿದ್ದಿದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದರು. ಅಲ್ಲದೆ ಅರ್ಧಕ್ಕಿಂತ ಹೆಚ್ಚಿನ ತಿದ್ದುಪಡಿಯನ್ನು ನಾನೇ ಮೊದಲು ಮಾಡಿಕೊಂಡಿದ್ದೆ. ಪಠ್ಯಪುಸ್ತಕದ ಅಜ್ಜಿಯರು ಹೇಗೆ ಮಾತಾಡುತ್ತಾರೋ ಹಾಗೆ ನಮ್ಮ ಆಯಿಯನ್ನೂ ಮಾತಾಡಿಸಿದ್ದೆ. ಕೆಂಪು ಶಾಯಿ ನಾನು ಆರಂಭಿಸಿದ್ದನ್ನು ಪೂರೈಸಿತ್ತು, ಅಷ್ಟೆ.

ಬೇಸಿಗೆ ರಜೆಯಲ್ಲಿ ಸಂಚಿಕೆಯನ್ನು ಊರಿಗೆ ಒಯ್ದು, ಅಂಗಳದಲ್ಲಿ ಕೂತು ಆಕೆಗೆ ಓದಿ ಹೇಳಿದೆ. ಎಲೆ ಅಡಿಕೆ ಹಾಕಿಕೊಳ್ಳುತ್ತ ಕೊನೆಯ ತನಕ ಕೇಳಿದಳು. ಆಮೇಲೆ ಅಂದಳು: “ಭಾಳ ಚೊಲೊ ಬರದಿದಿ ತಮ್ಮಾ. ಖರೆ, ಈ ಮುದುಕಿ ಯಾವೂರಾಕಿ?”

ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈಗ ಪಿಎಚ್.ಡಿ. ಮಾಡುತ್ತಿದ್ದೇನೆ, ಕಲ್ಯಾಣ ಕರ್ನಾಟಕದ ಬರವಣಿಗೆಯ ಚರಿತ್ರೆ ನನ್ನ ವಿಷಯ. ಈಚೆಗೆ ಕೆಲವು ವಿದ್ಯಾರ್ಥಿಗಳು ಒಂದು ಕಮ್ಮಟದಲ್ಲಿ ಕೇಳಿದರು: ಕಥೆ ಬರೆಯಲು ಹೊರಟವರು ಮೊದಲು ಏನನ್ನು ಕಲಿಯಬೇಕು, ಯಾವ ರೂಢಿ ಬೆಳೆಸಿಕೊಳ್ಳಬೇಕು? ದಿನಾ ಓದಿ, ದಿನಾ ಬರೆಯಿರಿ, ತಿದ್ದಿರಿ ಎಂದು ಎಲ್ಲರೂ ಹೇಳುವ ಉತ್ತರವನ್ನೇ ಕೊಟ್ಟು ಬಂದೆ. ಉತ್ತರ ತಪ್ಪಲ್ಲ. ಆದರೆ ಹಿಂತಿರುಗುವಾಗ ಬಸ್ಸಿನಲ್ಲಿ ಅನಿಸಿತು, ಇದೇ ಪ್ರಶ್ನೆಗೆ ನಮ್ಮ ಸೀಮೆ ಸಾವಿರ ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆಯಲ್ಲ ಎಂದು. ಮಳಖೇಡ, ಬಸವಕಲ್ಯಾಣ, ಬೀದರ ಈ ಮೂರೂ ನನ್ನೂರಿನಿಂದ ಒಂದು ದಿನದ ಬಸ್ ಪ್ರಯಾಣದೊಳಗಿನ ಊರುಗಳು. ಬರೆಯುವುದು ಹೇಗೆ ಎಂಬ ಕುರಿತು ಆ ಮೂರೂ ಊರುಗಳಿಗೆ ಹೇಳಲು ಏನಾದರೂ ಇದೆ.

ಮೊದಲು ಮಳಖೇಡ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಅದು ಕಥೆಯೂ ಅಲ್ಲ, ಪುರಾಣವೂ ಅಲ್ಲ. ಬರೆಯುವವರಿಗಾಗಿ ಬರೆದ ಕೈಪಿಡಿ. ಏನು ಮಾಡಿದರೆ ದೋಷ, ಏನು ಮಾಡಿದರೆ ಗುಣ ಎಂದು ಉದಾಹರಣೆ ಸಮೇತ ಹೇಳಿಕೊಡುವ ಪುಸ್ತಕ. ನಮ್ಮ ಭಾಷೆಯ ಉಳಿದುಬಂದ ಸಾಹಿತ್ಯ ಒಂದು ಬರವಣಿಗೆಯ ಪಾಠದಿಂದ ಆರಂಭವಾಗುತ್ತದೆ ಎಂಬುದು ಹೊಸದಾಗಿ ಬರೆಯುವವರಿಗೆ ಧೈರ್ಯ ಕೊಡಬೇಕಾದ ಸಂಗತಿ. ಅಂದೂ ಬರೆಯಲು ಒದ್ದಾಡುವವರಿದ್ದರು, ಅವರಿಗೆ ಹೇಳಿಕೊಡಬೇಕು ಅನ್ನುವವರೂ ಇದ್ದರು.

ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯ ತನಕದ ನಾಡನ್ನು ಕನ್ನಡನಾಡು ಎಂದು ಗುರುತಿಸಿತು. ಬೀದರದ ಮಾಂಜ್ರಾ ನದಿ ಹೋಗಿ ಸೇರುವುದು ಗೋದಾವರಿಯನ್ನೇ. ಆ ಲೆಕ್ಕದಲ್ಲಿ ನಾವು ಗಡಿಯ ಒಳಗಿನವರು. ಆದರೆ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ಎಣಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಆ ಲೆಕ್ಕದಲ್ಲಿ ನಾವು ತಿರುಳಿನ ಹೊರಗೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆಯ ಮಾತು ತಿರುಳಾದರೆ ನಮ್ಮದು ಸಿಪ್ಪೆಯೇ ಎಂದು ಮೊದಲ ಸಲ ಓದಿದಾಗ ನನಗೆ ತುಸು ಬೇಸರವೇ ಆಗಿತ್ತು. ಮುಂದೆ ಓದಿದಾಗ ಬೇರೆ ಎರಡು ಮಾತು ಕಂಡವು. ದೇಸಿ ಊರೂರಿಗೆ ಬೇರೆಬೇರೆ ಆಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಪಟ್ಟಿ ಮಾಡಲು ಹೋದರೆ ವಾಸುಕಿಗೂ ಬೇಸರ ಬರುತ್ತದೆ ಎಂದು ಅದು ಒಪ್ಪಿಕೊಳ್ಳುತ್ತದೆ. ‘ಕನ್ನಡ’ ಎಂದು ಏಕವಚನದಲ್ಲಿ ಹೇಳದೆ ‘ಕನ್ನಡಂಗಳ್’ ಎನ್ನುತ್ತದೆ. ನಿಯಮ ಹೇಳಿಕೊಡಲು ಕುಳಿತ ಪುಸ್ತಕವೇ ನಿಯಮದ ಮಿತಿಯನ್ನು ಹೀಗೆ ಬಲ್ಲದು.

ಎರಡನೆಯ ಮಾತು ಬೆರಕೆಯ ಬಗ್ಗೆ. ಸಂಸ್ಕೃತ, ಕನ್ನಡಗಳನ್ನು ಹೊಂದಿಕೆ ನೋಡದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಅದು ಎಚ್ಚರಿಸುತ್ತದೆ. ಒಲೆಯ ಮುಂದೆ ಕೂತವರಿಗೆಲ್ಲ ಅರ್ಥವಾಗುವ ಹೋಲಿಕೆ. ಬಳಕೆ ತಪ್ಪಿದ ಹಳೆಯ ಕನ್ನಡ ಪದಗಳನ್ನು ತಂದು ತುರುಕುವುದನ್ನೂ ಅದು ಒಪ್ಪುವುದಿಲ್ಲ. ಈ ಎರಡು ಎಚ್ಚರಿಕೆಗಳನ್ನು ಸೇರಿಸಿ ಓದಿದಾಗ, ಅದರ ಕಳಕಳಿ ಶಬ್ದದ ಕುಲಗೋತ್ರದ ಬಗ್ಗೆ ಅಲ್ಲ, ಕಿವಿಗೆ ಒಗ್ಗುವ ಬಗ್ಗೆ ಎಂದು ನನಗೆ ತೋರಿತು. ನನ್ನ ಕಥೆಯಲ್ಲಿ ಯಾವುದು ಮಜ್ಜಿಗೆಯ ಹನಿ? ಆಯಿಯ ಬಾಯಲ್ಲಿ ‘ಖಡಿ’, ‘ಸಡಕ್’, ‘ಹೈರಾಣ’ ಹುಟ್ಟಿನಿಂದ ಇದ್ದವು. ಅವು ಆಕೆಯ ಹಾಲಿನಲ್ಲೇ ಇದ್ದವು. ‘ಭೀಕರ ಬರಗಾಲದ ದಿನಗಳು’ ಹೊರಗಿನಿಂದ ಬಿದ್ದ ಹನಿ. ಅಲ್ಲಿಯೇ ಹಾಲು ಒಡೆಯಿತು.

ಹಾಗಾಗಿ ಕಥೆಗಾರರಾಗ ಬಯಸುವವರು ಮೊದಲು ಪಳಗಿಸಬೇಕಾದದ್ದು ಕಿವಿಯನ್ನು. ಒಂದು ಶಬ್ದ ನಿಘಂಟಿನಲ್ಲಿ ಇದೆಯೇ ಎಂದು ನೋಡುವ ಮೊದಲು, ಈ ಪಾತ್ರದ ಬಾಯಲ್ಲಿ ಇದೆಯೇ ಎಂದು ಕೇಳಬೇಕು.

ಮಳಖೇಡದಿಂದ ಬಸವಕಲ್ಯಾಣಕ್ಕೆ ಬಂದರೆ ನಡುವೆ ಮೂರು ಶತಮಾನ ಕಳೆದಿರುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವವರು, ಬಟ್ಟೆ ಒಗೆಯುವವರು, ಕಟ್ಟಿಗೆ ಮಾರುವವರು, ದೋಣಿ ನಡೆಸುವವರು ವಚನ ಹೇಳಿದರು. ವಚನಗಳು ಕಥೆಗಳಲ್ಲ, ನಿಜ. ಆದರೆ ಕಥೆಗಾರನಿಗೆ ಅಲ್ಲಿ ಒಂದು ದೊಡ್ಡ ಪಾಠವಿದೆ. ಪ್ರತಿ ವಚನದ ಕೊನೆಗೆ ಒಂದು ಅಂಕಿತ ಇರುತ್ತದೆ, ಅದನ್ನು ಮುದ್ರಿಕೆ ಅಂತಲೂ ಕರೆಯುತ್ತಾರೆ. ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಮುದ್ರಿಕೆಯಾಗಿ ಇಟ್ಟರು. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ, ತನ್ನ ಕಸುಬಿನ ಸಮೇತ ಇಟ್ಟುಕೊಂಡ. ಅವನ ವಚನಗಳ ಒರಟುತನವೂ ಸಿಟ್ಟೂ ಆ ಹೆಸರಿಗೆ ಸರಿಯಾಗಿ ಹೊಂದುತ್ತವೆ. ಮೇಲೆ ಒತ್ತಿದ ಮುದ್ರೆಗೂ ಒಳಗಿನ ಮಾತಿಗೂ ಅಲ್ಲಿ ಅಂತರವಿಲ್ಲ.

ಸೂಳೆ ಸಂಕವ್ವೆಯ ಹೆಸರಿನಲ್ಲಿ ನಮಗೆ ಸಿಕ್ಕಿರುವುದು ಒಂದೇ ಒಂದು ವಚನ. ಆ ಒಂದರಲ್ಲೇ ಆಕೆ ತನ್ನ ವೃತ್ತಿಯ ಒಪ್ಪಂದದ ಮಾತನ್ನು, ಅದನ್ನು ಮುರಿದರೆ ಬರುವ ಶಿಕ್ಷೆಯನ್ನು ಹೇಳಿ, ಅದರ ಮೂಲಕ ತನ್ನ ನಿಷ್ಠೆಯನ್ನು ಹೇಳುತ್ತಾಳೆ. ಒಬ್ಬ ಮನುಷ್ಯಳನ್ನು ಎಂಟುನೂರು ವರ್ಷ ಬದುಕಿಸಲು ಆಕೆಯ ಕಸುಬಿನ ಕೆಲವೇ ಶಬ್ದಗಳು ಸಾಕಾದವು. ಇದರಿಂದ ನಾನು ಕಲಿತ ರೂಢಿ ಚಿಕ್ಕದು: ಪಾತ್ರ ಯಾವ ಕೆಲಸ ಮಾಡುತ್ತದೋ ಆ ಕೆಲಸದ ಶಬ್ದಗಳನ್ನು ಹೋಗಿ ಕೇಳಿ ಬರೆದುಕೊಳ್ಳುವುದು. ಖಡಿ ಒಡೆಯುವಾಗ ಯಾವ ಸುತ್ತಿಗೆ, ಕಲ್ಲನ್ನು ಹೇಗೆ ಹಿಡಿಯಬೇಕು, ಗುಡ್ಡೆಯನ್ನು ಯಾರು ಅಳೆಯುತ್ತಿದ್ದರು, ಹಜೇರಿ ಯಾರು ಹಾಕುತ್ತಿದ್ದರು ಇವನ್ನು ಕಾಲೇಜಿನ ದಿನಗಳಲ್ಲಿ ನಾನು ಆಯಿಯನ್ನು ಕೇಳಿಯೇ ಇರಲಿಲ್ಲ. ಕೇಳದೆ ಆಕೆಯ ಕಷ್ಟ ಬರೆಯಲು ಕೂತಿದ್ದೆ.

ಮೂರನೆಯದು ಬೀದರ. 15ನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂತು. ಆಸ್ಥಾನದ ಭಾಷೆ ಪಾರಸಿ. ಆದರೆ ಬಜಾರಿನಲ್ಲಿ, ದಂಡಿನಲ್ಲಿ, ಸೂಫಿಗಳ ಖಾನಖಾಗಳಲ್ಲಿ ಬೇರೆಯೇ ಒಂದು ಮಾತು ಬೆಳೆಯುತ್ತಿತ್ತು, ದಖನಿ. ಆ ಶತಮಾನದಲ್ಲಿ ಫಖ್ರುದ್ದೀನ್ ನಿಜಾಮಿ ಎಂಬ ಕವಿ ‘ಕದಂ ರಾವ್ ಪದಂ ರಾವ್’ ಎಂಬ ಕಥನಕಾವ್ಯ ಬರೆದ. ದಖನಿಯಲ್ಲಿ ಉಳಿದುಬಂದಿರುವ ಮೊದಲ ದೊಡ್ಡ ಕಥೆ ಇದೇ ಎಂದು ವಿದ್ವಾಂಸರು ಹೇಳುತ್ತಾರೆ. ಪಾರಸಿಯಲ್ಲಿ ಬರೆದಿದ್ದರೆ ಸಿಗಬಹುದಾಗಿದ್ದ ಮರ್ಯಾದೆಯನ್ನು ಬದಿಗಿಟ್ಟು ಅವನು ಕಥೆಗೆ ಬೀದಿಯ ಮಾತನ್ನು ಆರಿಸಿಕೊಂಡ. ಅದರ ಪದಗಳಲ್ಲಿ ಪಾರಸಿ, ಅರಬ್ಬಿಗಿಂತ ನೆಲದ ಭಾಷೆಗಳ ಪಾಲೇ ದೊಡ್ಡದು.

ಕಥೆಯ ಹೂರಣವೂ ಕುತೂಹಲದ್ದು. ಕದಂ ರಾವ್ ಒಬ್ಬ ರಾಜ. ಜೋಗಿಯೊಬ್ಬನಿಂದ ಪರಕಾಯ ಪ್ರವೇಶದ ವಿದ್ಯೆ ಕಲಿಯುತ್ತಾನೆ. ರಾಜನ ಜೀವ ಗಿಳಿಯ ದೇಹಕ್ಕೆ ಹೋಗುತ್ತದೆ, ಜೋಗಿ ರಾಜನ ದೇಹವನ್ನು ಹೊಕ್ಕು ಸಿಂಹಾಸನದ ಮೇಲೆ ಕೂರುತ್ತಾನೆ. ಹೊರಗೆ ನೋಡಿದರೆ ಅದೇ ಮುಖ, ಅದೇ ಕಿರೀಟ. ಒಳಗೆ ಮಾತ್ರ ಬೇರೆಯವನು.

ಕಥೆ ಬರೆಯುವವರ ವಿದ್ಯೆಗೆ ಇದಕ್ಕಿಂತ ಒಳ್ಳೆಯ ರೂಪಕ ನನಗೆ ಬೇರೆ ಸಿಕ್ಕಿಲ್ಲ. ಕಥೆ ಬರೆಯುವುದೆಂದರೆ ಇನ್ನೊಬ್ಬರ ದೇಹ ಹೊಕ್ಕು ಅವರ ಕಣ್ಣಿನಿಂದ ನೋಡುವುದು. ಅದನ್ನು ಎರಡು ಬಗೆಯಲ್ಲಿ ಮಾಡಬಹುದು. ಗಿಳಿಯೊಳಗೆ ಹೋದ ರಾಜನಂತೆ ಚಿಕ್ಕದಾಗಿ, ಆ ದೇಹದ ಮಿತಿಯಲ್ಲೇ ಬದುಕುವುದು ಒಂದು. ಜೋಗಿಯಂತೆ ಒಳಗೆ ನುಗ್ಗಿ, ಆ ದೇಹದ ಬಾಯಿಂದ ತನ್ನದೇ ಮಾತಾಡಿಸುವುದು ಇನ್ನೊಂದು. ನಾನು ಆಯಿಯ ದೇಹದಲ್ಲಿ ಜೋಗಿಯಾಗಿದ್ದೆ.

ಬೀದರದ ಇನ್ನೊಬ್ಬ ಬರಹಗಾರ ಮಹಮೂದ್ ಗವಾನ್. ಇರಾನಿನ ಗಿಲಾನದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಒಂದು ಮಿನಾರು, ಬಣ್ಣದ ಹೆಂಚುಗಳು ಇಂದಿಗೂ ಬೀದರದಲ್ಲಿವೆ. 17ನೆಯ ಶತಮಾನದ ಕೊನೆಯಲ್ಲಿ ಆದ ಸ್ಫೋಟದಲ್ಲಿ ಉಳಿದ ಭಾಗ ಹಾಳಾಯಿತು. ಪ್ರವಾಸಿಗರೆಲ್ಲ ಆ ಕಟ್ಟಡ ನೋಡುತ್ತಾರೆ. ಗವಾನ್ ಬರವಣಿಗೆಯ ಬಗ್ಗೆಯೂ ಒಂದು ಪುಸ್ತಕ ಬರೆದಿದ್ದ ಎಂಬುದು ಕಡಿಮೆ ಜನಕ್ಕೆ ಗೊತ್ತು. ‘ಮನಾಜಿರುಲ್ ಇನ್ಶಾ’ ಎಂಬುದು ಪಾರಸಿಯಲ್ಲಿ ಪತ್ರ ಬರೆಯುವ ಕಲೆಯ ಕೈಪಿಡಿ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’. ಮಳಖೇಡದಲ್ಲಿ ಕನ್ನಡದ ಕೈಪಿಡಿ ಹುಟ್ಟಿ ಆರುನೂರು ವರ್ಷಗಳ ಮೇಲೆ, ಅದೇ ಸೀಮೆಯಲ್ಲಿ, ಬೇರೆ ಭಾಷೆಯಲ್ಲಿ ಮತ್ತೊಂದು ಕೈಪಿಡಿ ಹುಟ್ಟಿತು.

ಇನ್ಶಾ ಎಂಬ ಈ ವಿದ್ಯೆಯಲ್ಲಿ ಮೊದಲು ಗಮನಿಸಬೇಕಾದದ್ದು ಪತ್ರ ಯಾರಿಂದ ಯಾರಿಗೆ ಎಂಬುದು. ದೊಡ್ಡವರಿಗೆ ಬರೆಯುವ ರೀತಿ ಬೇರೆ, ಸರಿಸಮರಿಗೆ ಬೇರೆ, ಕೆಳಗಿನವರಿಗೆ ಬೇರೆ. ಸಂಭಾಷಣೆ ಬರೆಯುವವರಿಗೂ ಇದು ಬೇಕಾದ ಎಚ್ಚರ. ನಮ್ಮೂರಲ್ಲಿ ಸೊಸೆ ಅತ್ತೆಗೆ ಮಾತಾಡುವಾಗಿನ ‘ರೀ’, ಗೆಳೆಯ ಗೆಳೆಯನಿಗೆ ಅನ್ನುವ ‘ಪಾ’, ಸಾಹುಕಾರನ ಮುಂದೆ ತಗ್ಗುವ ದನಿ, ಅದೇ ಮನುಷ್ಯ ಮನೆಗೆ ಬಂದು ಹೆಂಡತಿಯ ಮೇಲೆ ಏರಿಸುವ ದನಿ ಇಷ್ಟನ್ನು ಸರಿಯಾಗಿ ಹಿಡಿದರೆ ಜಾತಿ, ವರ್ಗ, ಭಯ ಯಾವುದನ್ನೂ ವಿವರಿಸಿ ಹೇಳಬೇಕಾಗಿಲ್ಲ.

ಗವಾನನ ಕೊನೆ ಎಲ್ಲರಿಗೂ ಗೊತ್ತಿರುವಂಥದು. ಇತಿಹಾಸಕಾರ ಫರಿಷ್ತಾ ಹೇಳುವ ಪ್ರಕಾರ, ಅವನ ವೈರಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಒಂದು ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ಒಡಿಶಾದ ದೊರೆಯನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವಂತೆ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗೆ ಸಿಗುವಂತೆ ಮಾಡಿದರು. ಸುಲ್ತಾನ ಕರೆಸಿ ಕೇಳಿದಾಗ, ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಗವಾನ್ ಉತ್ತರಿಸಿದ. ಸುಲ್ತಾನ ಮುಂದಿನ ವಿಚಾರಣೆ ಮಾಡಲಿಲ್ಲ. 1481ರಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಕಡಿಸಿದ. ಮರುವರ್ಷ ಸುಲ್ತಾನನೂ ಸತ್ತ. ರಾಜ್ಯ ಚೂರಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಪತ್ರ ಬರೆಯುವ ವಿದ್ಯೆ ಕಲಿಸಿದವನನ್ನು ಬೇರೆಯವರು ಬರೆದ ಪತ್ರ ಕೊಂದಿತು. ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಕಾಲೇಜಿನ ಆ ವಾರ್ಷಿಕ ಸಂಚಿಕೆ ನೆನಪಾಗುತ್ತದೆ. ಅದರ ಪುಟದ ಮೇಲೆ ನನ್ನ ಹೆಸರಿದೆ, ನನ್ನ ಫೋಟೋ ಇದೆ, ಊರಿನ ಹೆಸರೂ ಇದೆ. ಮುದ್ರೆ ನನ್ನದೇ. ಮಾತು ಮಾತ್ರ ನನ್ನದಲ್ಲ, ಆಯಿಯದಂತೂ ಅಲ್ಲವೇ ಅಲ್ಲ. ಗವಾನನಿಗೆ ಆದದ್ದು ವೈರಿಗಳಿಂದ. ನಾನು ಖಾಲಿ ಕಾಗದಕ್ಕೆ ಮುದ್ರೆ ಒತ್ತಿ ನನ್ನ ಕೈಯಾರೆ ಕೊಟ್ಟಿದ್ದೆ. ಹೊಸದಾಗಿ ಬರೆಯುವವರು ಹೀಗೆಯೇ ಮಾಡುತ್ತಾರೆ. ಮೆಚ್ಚಿದ ಲೇಖಕರ ಶೈಲಿ, ಬಹುಮಾನ ಬಂದ ಕಥೆಗಳ ಧಾಟಿ, ಶಾಲೆಯ ವ್ಯಾಕರಣ ಇವುಗಳೆಲ್ಲ ನಮ್ಮ ಮುದ್ರೆಯ ಮೇಲ್ಗಡೆ ತಮ್ಮ ಪತ್ರ ಬರೆದುಕೊಳ್ಳುತ್ತವೆ.

ಹಾಗಾದರೆ ಯಾರನ್ನೂ ಅನುಸರಿಸಬಾರದೇ? ಕನ್ನಡ ಕಾದಂಬರಿಯ ಚರಿತ್ರೆ ಹಾಗೆ ಹೇಳುವುದಿಲ್ಲ. ನಮಗೆ ಸಿಕ್ಕಿರುವ ಮೊದಲ ಗದ್ಯ ಕಥಾಸಂಗ್ರಹ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಬೇರು ಪ್ರಾಕೃತದಲ್ಲಿದೆ. 19ನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ತಂದರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಕಾದಂಬರಿ ಓದುವ ರೂಢಿ ಬಂದದ್ದು ಇಂಥವರಿಂದ. ಅವರು ಇನ್ನೊಬ್ಬರ ಕಥೆಯನ್ನು ತಮ್ಮ ಓದುಗರ ಮಾತಿಗೆ ಇಳಿಸಿದರು, ಆ ಕೆಲಸ ಮಾಡುತ್ತ ಮಾಡುತ್ತ ಗದ್ಯದ ಕೀಲುಗಳನ್ನು ಕಂಡುಕೊಂಡರು. ಅನುವಾದ, ನಕಲು, ಅನುಕರಣೆ ಇವೆಲ್ಲ ಒಳ್ಳೆಯ ಸಾಮು. ಮೆಚ್ಚಿದ ಕಥೆಯೊಂದನ್ನು ಪೂರ್ತಿ ಕೈಯಿಂದ ಬರೆದು ನೋಡಿ. ವಾಕ್ಯ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಬೆರಳಿಗೆ ತಿಳಿಯುತ್ತದೆ. ಆದರೆ ಗರಡಿಯ ಸಾಮನ್ನು ಗರಡಿಯಲ್ಲೇ ಬಿಟ್ಟು ಹೊಲಕ್ಕೆ ಹೋಗಬೇಕು.

ಹಾಗೆ ಹೊಲಕ್ಕೆ ಹೋದವರಿಗೆ ಕಾಯುವ ತಾಳ್ಮೆಯೂ ಬೇಕಾಗುತ್ತದೆ. ಇದಕ್ಕೆ ನನಗೆ ಸಿಕ್ಕ ಉದಾಹರಣೆ ರಾಜ್ಯದ ಇನ್ನೊಂದು ತುದಿಯಾಚೆ, ಇಂದಿನ ಕಾಸರಗೋಡು ಜಿಲ್ಲೆಯದು. ನಿರಂಜನರು ನೀಲೇಶ್ವರದಲ್ಲಿ ಹೈಸ್ಕೂಲು ಓದಿದವರು. ಅದರ ಹತ್ತಿರದ ಕಯ್ಯೂರಿನಲ್ಲಿ 1941ರಲ್ಲಿ ರೈತ ಹೋರಾಟ ನಡೆದು, 1943ರ ಮಾರ್ಚಿನಲ್ಲಿ ನಾಲ್ವರು ತರುಣರನ್ನು ಗಲ್ಲಿಗೇರಿಸಲಾಯಿತು. ಅದರ ಮೇಲೆ ನಿರಂಜನರು ಬರೆದ ‘ಚಿರಸ್ಮರಣೆ’ ಬಂದದ್ದು 1955ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಮಲಯಾಳದ ಸೀಮೆಯ ರೈತರ ಬದುಕು ಕನ್ನಡದ ಕಾದಂಬರಿಯಾಯಿತು. ಭಾಷೆ ಬೇರೆಯಾದರೂ ಆ ನೆಲ, ಆ ಜನ ಲೇಖಕನಿಗೆ ಹುಡುಗತನದಿಂದ ಗೊತ್ತಿದ್ದದ್ದು ಪುಟಪುಟದಲ್ಲಿ ಕಾಣುತ್ತದೆ.

ನಮ್ಮ ಸೀಮೆಯವರು ಕಾದದ್ದು ಬೇರೆ ಕಾರಣಕ್ಕೆ, ಅದೂ ಒತ್ತಾಯದಿಂದ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ, ಶಿಕ್ಷಣ ಎರಡೂ ಉರ್ದುವಿನಲ್ಲಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೀದರ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಈ ಮಾತನ್ನು ಹೇಳುವವರು ಸಿಗುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನೀಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ; ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ; ನಾವು ಮೈಸೂರಿಗೆ. ಒಂದೇ ಮನೆತನದ ಬೀಗರು ಮೂರು ರಾಜ್ಯದವರಾದರು. ನಮ್ಮ ಮಾತಿನಲ್ಲಿ ಮರಾಠಿ, ಉರ್ದು, ತೆಲುಗು ಬೆರೆತಿರುವುದು ಇಂಥ ಚರಿತ್ರೆಯ ಗುರುತು. ನಮ್ಮಲ್ಲಿ ಕಥೆಗಾರರು ಯಾಕೆ ತಡವಾಗಿ ಬಂದರು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ನಮ್ಮ ಹಿರಿಯರು ಮೊದಲು ಅಕ್ಷರವನ್ನು ಬಚ್ಚಿಟ್ಟು ಉಳಿಸಬೇಕಾಗಿತ್ತು. ಅವರ ಬೋರ್ಡು ಬೇರೆಯವರ ಭಾಷೆಯದು, ಒಳಗಿನದು ತಮ್ಮದು. ನನ್ನ ಮೊದಲ ಕಥೆ ಅದರ ತಿರುವುಮುರುವು. ಬೋರ್ಡು ಎಕಂಬಾದ್ದು, ಒಳಗೆ ಯಾರದೋ ಮಾತು. ಅವರು ಮಾಡಿದ್ದು ಅಂಜಿಕೆಯ ಕಾಲದಲ್ಲಿ. ನನಗೆ ಯಾವ ಅಂಜಿಕೆ ಇತ್ತು?

ಬಂದ ಕಥೆಗಾರರು ಮಾತ್ರ ತಮ್ಮ ಮಾತನ್ನು ತಿದ್ದಿಕೊಳ್ಳಲಿಲ್ಲ. ಕಲಬುರಗಿಯ ಗೀತಾ ನಾಗಭೂಷಣ ತಮ್ಮ ಸುತ್ತಲಿನ ಬಡವರ, ಹೆಂಗಸರ ಬಾಯಿಮಾತನ್ನು ಕಾದಂಬರಿಗೆ ತಂದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಯಚೂರು ಸೀಮೆಯ ಶಾಂತರಸರು ಉರ್ದುವನ್ನು ಪರಕೀಯವೆಂದು ದೂರ ಇಡದೆ ಅದರ ಗಜಲನ್ನು ಕನ್ನಡಕ್ಕೆ ಪಳಗಿಸಿದರು. 2006ರಲ್ಲಿ ಬೀದರದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕರ ಮನೆಮಾತು ದಖನಿ ಉರ್ದು. ದೀಪಾ ಭಾಸ್ತಿ ಆ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಅಂಥ ಶಬ್ದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದರು. ಲಂಡನ್ನಿನ ತೀರ್ಪುಗಾರರಿಗೆ ಅದು ಅಡ್ಡಿಯಾಗಲಿಲ್ಲ. ನಿಜಾ��ಿ ಆರುನೂರು ವರ್ಷಗಳ ಹಿಂದೆ ಬೀದರದಲ್ಲಿ ಕಥೆ ಹೇಳಲು ಆರಿಸಿಕೊಂಡದ್ದೂ ಅದೇ ದಖನಿಯನ್ನೇ.

ಇಷ್ಟು ಓದಿದ ಮೇಲೆ ಹೋದ ದಸರೆಗೆ ಊರಿಗೆ ಹೋಗಿದ್ದೆ. ಹಳೆಯ ಕಥೆಯನ್ನು ಹೊಸದಾಗಿ ಬರೆಯೋಣ ಎಂದು ನೋಟ್‌ಬುಕ್ ಹಿಡಿದು ಆಯಿಯ ಪಕ್ಕ ಕೂತೆ. ಸುತ್ತಿಗೆಯ ತೂಕ, ಬೆರಳಿಗೆ ಸುತ್ತಿಕೊಂಡ ಚಿಂದಿ, ಹಜೇರಿ ಹಾಕುವವನ ಬೈಗುಳ ಎಲ್ಲ ಕೇಳಿ ಬರೆದುಕೊಂಡೆ. ಬೈಗುಳ ಹೇಳುವಾಗ ಆಕೆಗೆ ನಗು ಬಂತು. ರಾತ್ರಿ ಕೂತು ಬರೆದು, ಬೆಳಿಗ್ಗೆ ಓದಿ ಹೇಳಿದೆ. ಈ ಸಲ ಶಬ್ದಗಳ ಬಗ್ಗೆ ಆಕೆಯ ತಕರಾರು ಇರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಎಮ್ಮೆ ಮಾರುವ ಸನ್ನಿವೇಶ ಬಂತು. ದಲ್ಲಾಳಿ ಹಗ್ಗ ಹಿಡಿದು ಎಳೆಯುತ್ತಾನೆ, ಆಕೆ ಎಮ್ಮೆಯ ಕೊರಳು ತಬ್ಬಿ ಅಳುತ್ತಾಳೆ. ಕಾಲೇಜಿನಲ್ಲಿ ಎಲ್ಲರೂ ಮೆಚ್ಚಿದ್ದ ಭಾಗ. ಮಾತು ಬದಲಿಸಿ ಹಾಗೆಯೇ ಇಟ್ಟಿದ್ದೆ. ಆಯಿ ಕೈ ಅಡ್ಡ ಹಿಡಿದಳು.

“ನಾ ಅತ್ತಿಲ್ಲ ತಮ್ಮಾ. ಎಮ್ಮಿ ಮಾರದಾಗ ನಾ ಮನ್ಯಾಗ ಎಲ್ಲಿದ್ದೆ? ಸಡಕಿನ ಮ್ಯಾಲ ಖಡಿ ಒಡೀಲತ್ತಿದ್ದೆ. ಸಂಜಿಗಿ ಬಂದ್ ನೋಡದ್ರ ಗ್ವಾದ್ಲಿ ಖಾಲಿ ಇತ್ತು.”

ಅಷ್ಟು ಹೇಳಿ ಒಳಗೆ ಹೋದಳು. ಶಬ್ದಗಳನ್ನು ಸರಿ ಮಾಡಿಕೊಂಡರೆ ಸಾಕು ಎಂದು ನಾನು ತಿಳಿದಿದ್ದೆ. ಆಕೆಯ ಮಾತಿನಲ್ಲೇ ಆಕೆಯ ಹೆಸರಿಗೆ ನಾನು ಇನ್ನೊಂದು ಸುಳ್ಳು ಪತ್ರ ಬರೆದಿದ್ದೆ. ಹತ್ತು ವರ್ಷದಿಂದ ಆ ಅಳು ಅಲ್ಲಿತ್ತು. ಅದು ನಿಜವೇ ಎಂದು ಒಂದು ಸಲವೂ ಕೇಳಿರಲಿಲ್ಲ. ಕಥೆ ಕಲ್ಪನೆಯೇ ಇರಬಹುದು, ಆಗದ್ದನ್ನು ಬರೆಯಲು ಕಥೆಗಾರನಿಗೆ ಹಕ್ಕಿದೆ. ಆದರೆ ನನ್ನ ಆ ಅಳು ಕಲ್ಪನೆಯಿಂದ ಬಂದದ್ದಲ್ಲ, ನೋಡಿದ ಸಿನಿಮಾಗಳಿಂದ ಬಂದದ್ದು. ಖಾಲಿ ಗ್ವಾದಲಿಯ ಮುಂದೆ ಸುಮ್ಮನೆ ನಿಂತ ಹೆಂಗಸನ್ನು ಕಲ್ಪಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಅದನ್ನು ಆಕೆಯೇ ಕೊಡಬೇಕಾಯಿತು.

ಕಮ್ಮಟದ ಆ ವಿದ್ಯಾರ್ಥಿಗಳು ಮತ್ತೆ ಸಿಕ್ಕರೆ ನನ್ನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ದಿನಾ ಓದಿ, ದಿನಾ ಬರೆಯಿರಿ, ತಿದ್ದಿರಿ. ಆದರೆ ತಿದ್ದುವ ಮೊದಲು, ಯಾರ ಕಥೆ ಬರೆದಿರೋ ಅವರ ಮುಂದೆ ಕೂತು ಗಟ್ಟಿಯಾಗಿ ಓದಿ. ಅವರು ಸಿಗದಿದ್ದರೆ ಅವರಂಥವರನ್ನು ಹುಡುಕಿ. ಅವರು ಎಲ್ಲಿ ಕೈ ಅಡ್ಡ ಹಿಡಿಯುತ್ತಾರೋ ಅಲ್ಲಿಂದ ಮತ್ತೆ ಬರೆಯಲು ಆರಂಭಿಸಿ.

ನನ್ನ ಕಥೆ ಇನ್ನೂ ಮುಗಿದಿಲ್ಲ. ಅಳುವ ಪುಟ ಹರಿದುಹಾಕಿದ್ದೇನೆ. ಈಗ ಅಲ್ಲಿ ಸಂಜೆಯಾಗಿದೆ, ಆಯಿ ಸಡಕಿನಿಂದ ಮನೆಯ ಕಡೆ ನಡೆದು ಬರುತ್ತಿದ್ದಾಳೆ.